ನೀಲವ್ವನ ಹೊಲದಲ್ಲಿ ನಿಂತ ಹಡಗು

ಮಾರ್ಚ್ ತಿಂಗಳ ಎರಡನೆಯ ರವಿವಾರ. ಬೆಳಗಿನ ಆರು ಗಂಟೆ. ಸ್ಥಳ, ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಿನ, ಕೆಂಪು ಮಣ್ಣಿನ ಒಂದು ಮಸಾರಿ ಹೊಲ. ಹಾಜರಿದ್ದವರು: ನೌಕಾಪಡೆಯಿಂದ ನಿವೃತ್ತನಾದ ಗುರಪ್ಪ ಎಂಬ ನಾನು, ನನ್ನ ಹೆಂಡತಿ ಶಾಂತವ್ವ, ಆಕೆಯ ತಂಗಿಯೂ ಹೊಲದ ಒಡತಿಯೂ ಆದ ನೀಲವ್ವ, ನನ್ನ ಗೆಳೆಯ ದಾವಲಸಾಬ, ಅವನ ಮಗಳು ಮುಮ್ತಾಜ್. ತಡವಾಗಿ ಬಂದವರು ಯಾರೂ ಇಲ್ಲ.

ಇಷ್ಟನ್ನು ಓದಿ ಹೇಳಿದಾಗ ಶಾಂತವ್ವ, "ಮದುವಿ ಕರೆಯೋಲೇನೂ ಹಿಂಗ ಬರದಿದ್ರಿ, ಮಂದಿ ಹೆದರಿ ಐದಕ್ಕ ಬಂದು ಕುಂತಿದ್ರು" ಎಂದಳು. ಅದರಲ್ಲಿ ತಪ್ಪೇನಿದೆ? ಎಲ್ಲರಿಗೂ ಬಿಸಿ ಉಪ್ಪಿಟ್ಟು ಸಿಕ್ಕಿತು.

ಇಳಕಲ್ಲಿನ ನಮ್ಮ ಓಣಿಯಲ್ಲಿ ನನಗೊಂದು ಅಡ್ಡಹೆಸರಿದೆ. ನನ್ನೆದುರು ಯಾರೂ ಅನ್ನುವುದಿಲ್ಲ, ಆದರೆ ನನಗೆ ಗೊತ್ತು: ‘ಏನೋ ಕಳಕೊಂಡ ಅಜ್ಜ’. ದಿನಾ ಬೆಳಿಗ್ಗೆ ಓಣಿಯ ಬಾಯಿಂದ ನನ್ನ ಮನೆಯ ಕಟ್ಟೆಯವರೆಗೆ ತಲೆ ತಗ್ಗಿಸಿಕೊಂಡು ನಡೆಯುತ್ತೇನೆ. ಮೊಳೆ ಕಂಡರೆ ಎತ್ತುತ್ತೇನೆ. ಗ್ರಾನೈಟಿನ ಚೂರು, ಮಗ್ಗದಿಂದ ಬಿದ್ದ ತಂತಿಯ ತುಣುಕು, ಬಾಟಲಿಯ ಮುಚ್ಚಳ, ಏನಿದ್ದರೂ ಸರಿ, ಎತ್ತಿ ಕಿಸೆಗೆ ಹಾಕುತ್ತೇನೆ. ಒಗೆಯುವ ಯಂತ್ರದೊಳಗೆ ಕಟಕಟ ಸದ್ದಾದರೆ ಶಾಂತವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ, "ಇವತ್ತೇನ್ರಿ, ಮೊಳೀನೋ, ಕಲ್ಲೋ?" ಒಮ್ಮೆ ಶಿವಯೋಗ ಮಂದಿರದಲ್ಲಿ ಒಂದು ಮದುವೆ. ಚಪ್ಪರದ ಸುತ್ತ ನಾನು ನನ್ನ ಪಾಡಿಗೆ ನೆಲ ನೋಡುತ್ತ ಅಡ್ಡಾಡುತ್ತಿದ್ದೆ. ಬೀಗರ ಪೈಕಿ ಒಬ್ಬರು ಪಾಪ, ನನ್ನ ಚಪ್ಪಲಿ ಕಳೆದಿವೆ ಎಂದು ತಿಳಿದು ತಮ್ಮವನ್ನೇ ಬಿಚ್ಚಿ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಆ ದಿನ ಎರಡು ಜೊತೆ ಚಪ್ಪಲಿ ಹಿಡಿದು ಮನೆಗೆ ಬಂದೆ.

ಇದು ಮುಪ್ಪಿನ ಚಟವಲ್ಲ, ಹಡಗಿನಲ್ಲಿ ಹತ್ತಿದ್ದು. ವಿಮಾನಗಳು ಏರಿ ಇಳಿಯುವ ಹಡಗದು. ಮೇಲೆ ಬಯಲಿನಂಥ ಉಕ್ಕಿನ ಡೆಕ್. ಜೆಟ್ ವಿಮಾನದ ಎಂಜಿನ್ನು ಮುಂದಿನ ಗಾಳಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಒಂದು ಚಿಕ್ಕ ತಿರುಪು ಒಳಗೆ ಹೋದರೂ ಸಾಕು, ಎಂಜಿನ್ನು ಹಾಳು, ಪೈಲಟ್ಟಿನ ಜೀವಕ್ಕೆ ಕುತ್ತು. ಅದಕ್ಕೇ ಹಾರಾಟಕ್ಕೆ ಮೊದಲು, ಹಾರಾಟ ಮುಗಿದ ಮೇಲೆ, ಕೈ ಬಿಡುವಿದ್ದವರೆಲ್ಲ ಡೆಕ್ಕಿನ ಅಡ್ಡಕ್ಕೆ ಸಾಲಾಗಿ ನಿಲ್ಲುತ್ತಿದ್ದೆವು. ಅಡುಗೆಯವನ ಪಕ್ಕ ಅಧಿಕಾರಿ, ಅಧಿಕಾರಿಯ ಪಕ್ಕ ನಾನು. ಆ ತುದಿಯಿಂದ ಈ ತುದಿಗೆ ಸಾವಕಾಶವಾಗಿ, ಕಣ್ಣು ನೆಲದಲ್ಲಿ ಊರಿ ನಡೆಯುವುದು, ಸಿಕ್ಕಿದ್ದನ್ನು ಎತ್ತುವುದು. ಕೊನೆಗೆ ‘ಡೆಕ್ ಸ್ವಚ್ಛ’ ಎಂದು ವರದಿ. ವರದಿಯಾಗದೆ ವಿಮಾನದ ಚಕ್ರ ಉರುಳುವಂತಿರಲಿಲ್ಲ.

ಹಡಗಿನ ಹೆಸರು ಇಲ್ಲಿ ಬೇಡ. ನಾನು ಮತ್ತು ದಾವಲಸಾಬ ಅದನ್ನು ‘ದೊಡ್ಡವ್ವ’ ಎನ್ನುತ್ತಿದ್ದೆವು. ಇಬ್ಬರೂ ಇಳಕಲ್ಲಿನವರು, ಒಂದೇ ಓಣಿ, ಒಂದೇ ಶಾಲೆ, ಒಂದೇ ಬೆಂಚು. ಶಿವಯೋಗ ಮಂದಿರದ ಮುಂದೆ ಹರಿಯುವ ಮಲಪ್ರಭೆಗಿಂತ ದೊಡ್ಡ ನೀರು ಕಂಡವರಲ್ಲ. ಈಜು ಬರುತ್ತದೆಯೇ ಎಂದು ಭರ್ತಿಯಲ್ಲಿ ಕೇಳಿದಾಗ ಇಬ್ಬರೂ ಧೈರ್ಯವಾಗಿ ಹೌದೆಂದೆವು. ಬಾವಿಯಲ್ಲಿ ಬರುತ್ತಿತ್ತು. ಡೆಕ್ಕಿನ ಮೇಲೆ ನನ್ನದು ನಿಂತ ವಿಮಾನದ ಚಕ್ರಕ್ಕೆ ಅಡ್ಡ ಕೊಡುವ ಕೆಲಸ. ದಾವಲನದು ಓಡಿ ಬಂದ ವಿಮಾನವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗಗಳ ಕೆಲಸ. ವಿಮಾನದ ಹಿಂದಿನ ಕೊಕ್ಕೆ ಆ ಹಗ್ಗಕ್ಕೆ ಸಿಕ್ಕಿ ನಿಂತ ಕೂಡಲೇ ಓಡಿಹೋಗಿ ಬಿಡಿಸಬೇಕು, ಹಿಂದೆ ಇನ್ನೊಂದು ಬರುತ್ತಿರುತ್ತದೆ. "ನಮ್ಮಪ್ಪ ಹೋರಿ ಹಿಡೀತಿದ್ದ, ನಾ ವಿಮಾನ ಹಿಡೀತೇನಿ" ಎಂದು ಊರಿಗೆ ಬಂದಾಗ ಬಸ್ಸಿನ ಕಂಡಕ್ಟರನಿಗೂ ಹೇಳುತ್ತಿದ್ದ.

ಒಂದು ಸಲ ರಜೆ ಮುಗಿಸಿ ಹೋಗುವಾಗ ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ಕಟ್ಟಿಸಿಕೊಂಡಿದ್ದೆವು. ಮರುದಿನ ಬೆಳಿಗ್ಗೆ ಡೆಕ್ಕಿನ ಮೇಲೆ ಸಾಲು ಹೊರಟಿದೆ. ನಡುವಿನಲ್ಲಿದ್ದ ಅಧಿಕಾರಿ ಬಗ್ಗಿ ಏನನ್ನೋ ಎತ್ತಿದರು. ಕಂದು ಬಣ್ಣ, ಗಟ್ಟಿ, ಅಂಟಂಟು. ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಯಂತ್ರದ ಭಾಗ ಎಂದು ಗುಡುಗಿದರು. ದಾವಲ ಒಂದು ಹೆಜ್ಜೆ ಮುಂದೆ ಬಂದು ಸೆಟೆದು ನಿಂತು, "ಅಮೀನಗಡದ್ದು, ಸರ್" ಎಂದ. ಅವರು ಅವನ ಮುಖ ನೋಡಿದರು, ಕೈಯೊಳಗಿನದನ್ನು ನೋಡಿದರು. "ತಿಂದು ತೋರಿಸು" ಎಂದರು. ದಾವಲ ತಿಂದು ತೋರಿಸಿದ. ಮುಂದೆ ಆ ಅಧಿಕಾರಿ ನಾವು ರಜೆಗೆ ಹೊರಟಾಗಲೆಲ್ಲ, ಅಮೀನಗಡದ ಬಿಡಿಭಾಗ ಮರೆಯಬೇಡಿ ಎನ್ನುತ್ತಿದ್ದರು.

ದೊಡ್ಡವ್ವನಿಗೂ ವಯಸ್ಸಾಯಿತು. ಕೆಲಸದಿಂದ ಇಳಿಸಿ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ನಾನು ಶಾಂತವ್ವನನ್ನು ಕರೆದುಕೊಂಡು ಹೋಗಿದ್ದೆ. ಆಕೆ ಇಡೀ ಹಡಗು ಸುತ್ತಿ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟ್ ಮಂದಿಗಿ ರೊಟ್ಟಿ ಯಾರ್ ಬಡೀತಿದ್ರು?" ರೊಟ್ಟಿ ಇರಲಿಲ್ಲ ಎಂದೆ. ಆಗ ಆಕೆ ನನ್ನ ಕಡೆ ನೋಡಿದ ನೋಟದಲ್ಲಿದ್ದ ಮರುಕವನ್ನು ಮದುವೆಯಾದಂದಿನಿಂದ ನಾನು ಕಂಡಿರಲಿಲ್ಲ. ಒಂದು ಕಡೆ ಡೆಕ್ಕಿನವರ ಉಡುಪು ತೊಡಿಸಿದ ಗೊಂಬೆ ನಿಲ್ಲಿಸಿದ್ದರು. ನಾನು ಯಾವತ್ತೂ ಅಷ್ಟು ಚೊಕ್ಕ ಇರಲಿಲ್ಲ. ಅಲ್ಲೂ ಚಾಕೊಲೇಟಿನ ಹಾಳೆ ಬಿದ್ದದ್ದು ಕಂಡು ನನ್ನ ಕೈ ಸುಮ್ಮನಿರಲಿಲ್ಲ. ಎತ್ತುತ್ತ ಹೊರಟೆ. ಒಬ್ಬ ಗೃಹಸ್ಥ ನನ್ನನ್ನು ಅಲ್ಲಿಯ ಕಸದವನೆಂದು ತಿಳಿದು ಶೌಚಾಲಯ ಎಲ್ಲಿ ಎಂದು ಕೇಳಿದ. ನಾನು ಎಷ್ಟು ಚಂದವಾಗಿ ದಾರಿ ಹೇಳಿದೆನೆಂದರೆ, ಮತ್ತಿಬ್ಬರು ಬಂದು ಕೇಳಿದರು.

ದಾವಲ ಆಗ ಬರಲಿಲ್ಲ. ಮನೆಯಲ್ಲಿ ಮಗ್ಗ ಹಾಕಿದ್ದ, ಸೀರೆಯ ಬೇಡಿಕೆ ಇತ್ತು. "ಎಲ್ಲಿ ಹೋಕ್ಕಾಳೋ ದೊಡ್ಡವ್ವ? ಕಟ್ಟಿ ಹಾಕ್ಯಾರಲ್ಲ, ಮುಂದಿನ ವರ್ಷ ಹೋಗೂನು" ಎಂದ. ಮುಂದಿನ ವರ್ಷವೂ ಅದನ್ನೇ ಅಂದ. ಆಮೇಲೆ ಹಡಗಿನೊಳಗೆ ಹೋಗುವುದು ಸುರಕ್ಷಿತವಲ್ಲವೆಂದು ಬಾಗಿಲು ಮುಚ್ಚಿದರು. ಆಮೇಲೆ ಒಡೆದರು. ಬಾದಾಮಿಯ ಗುಡ್ಡದಲ್ಲಿ ಕೊರೆದಿಟ್ಟ ಕಲ್ಲು ಸುಮ್ಮನೆ ಬಿಟ್ಟರೂ ನಿಲ್ಲುತ್ತದೆ. ಉಪ್ಪು ನೀರಿನಲ್ಲಿ ನಿಂತ ಕಬ್ಬಿಣ ಹಾಗಲ್ಲ. ಒಂದು ತುದಿಯಿಂದ ಬಣ್ಣ ಬಳಿಯುತ್ತ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲ ತುದಿಗೆ ತುಕ್ಕು ಬಂದಿರುತ್ತದೆ. ಸೇವೆಯಲ್ಲಿದ್ದಾಗ ನಾವು ನೂರಾರು ಕೈ ಇದ್ದೆವು, ಆಗಲೇ ಸಾಕಾಗುತ್ತಿರಲಿಲ್ಲ. ಹಾಗಾಗಿ ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ಸುದ್ದಿ ಕೇಳಿದ ದಿನ ದಾವಲ ನನ್ನ ಮನೆಗೆ ಬಂದು, "ಡೆಕ್ಕೂ ಕೊಯ್ದ್ರೇನೋ?" ಎಂದು ಕೇಳಿದ. ಹೌದೆಂದೆ. ಚಹಾ ಕುಡಿಯದೆ ಎದ್ದು ಹೋದ.

ಕಳೆದ ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತೆಗೆದುಕೊಂಡಿತು. ಬಾಗಲಕೋಟೆಯ ದವಾಖಾನೆಗೆ ಅಲೆದದ್ದಾಯಿತು, ಪ್ರಯೋಜನವಾಗಲಿಲ್ಲ. ಕಣ್ಣು ಹೋದದ್ದಕ್ಕಿಂತ ನನ್ನನ್ನು ಬಾಧಿಸಿದ್ದು ಆಮೇಲಿನದು. ಅವನು ಹೊಸ್ತಿಲು ದಾಟುವುದನ್ನೇ ಬಿಟ್ಟ. ಓಡುವ ವಿಮಾನದ ಹಿಂದೆ ಓಡುತ್ತಿದ್ದವನು ಪಡಸಾಲೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗತೊಡಗಿದ. ಕೈ ಹಿಡಿಯುತ್ತೇನೆ ಎಂದರೆ ಸಿಟ್ಟು. ಕೋಲು ಕೊಟ್ಟರೆ ಮೂಲೆಗೆ ಒಗೆದ.

ಫೆಬ್ರುವರಿಯಲ್ಲಿ ಒಂದು ಸಂಜೆ ಅವನ ಪಡಸಾಲೆಯಲ್ಲಿ ಕುಳಿತಿದ್ದೆ. ಮುಮ್ತಾಜ್ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದಳು. ಅಪ್ಪನ ಮಗ್ಗವನ್ನು ಈಗ ಅವಳೇ ನಡೆಸುವುದು.

"ಕಾರವಾರಕ್ಕ ಹೋಗೂನೇನೋ?" ಎಂದೆ. "ಅಲ್ಲಿ ದಂಡಿ ಮ್ಯಾಲ ಒಂದು ಯುದ್ಧದ ಹಡಗ ಇಟ್ಟಾರು. ಒಳಗ ಹೋಗಾಕ ಬಿಡ್ತಾರು."

"ಅದು ನಮ್ಮದಲ್ಲ."

"ಗೋವಾಕ್ಕ? ನಮ್ಮ ಕಾಲದ ವಿಮಾನ ಸಾಲಾಗಿ ನಿಲ್ಸ್ಯಾರು. ಕೈಲೆ ಮುಟ್ಟಿ ನೋಡಬೌದು."

"ಗುರ್ಯಾ, ವಿಮಾನ ನಿನ್ನೂವು. ನೀ ಮುಟ್ಟು. ನಂದು ಡೆಕ್. ಬಂದರಿನಾಗಲ್ಲ, ಸಮುದ್ರದಾಗ, ದೀಪ ಆರಿಸಿದಾಗ ಡೆಕ್ ಮ್ಯಾಲ ಕಣ್ಣಿದ್ದೂ ಏನ್ ಕಾಣ್ತಿತ್ತು? ಕಾಲಿಗಿ ಗೊತ್ತಿತ್ತು, ನಡೀತಿದ್ದೆ. ಈ ಓಣಿ ನನ್ನ ಕಾಲಿಗಿ ಗೊತ್ತಿಲ್ಲ."

"ಹುಟ್ಟಿದ ಓಣಿ ಗೊತ್ತಿಲ್ಲಂತ! ಕೇಳ್ರಿ ಕಾಕಾ!" ಎಂದಳು ಮುಮ್ತಾಜ್.

"ಓಣಿಯಾಗ ಯಾವತ್ತು ನೆಲಾ ನೋಡಿ ನಡದೇನವಾ ನಾ? ಮಂದಿ ಮಾರಿ ನೋಡಿ ನಡದೇನಿ."

ಮಗ್ಗದ ಸದ್ದು ನಿಂತಿತು. ನಾನು ಹೊರಟಾಗ ಅವಳು ಬಾಗಿಲವರೆಗೆ ಬಂದಳು. "ಕಾಕಾ, ಅಬ್ಬಾ ಎಲ್ಲಿಯರೆ ಒಂದ್ ಸಲ ತಾವ ನಡದ್ರ ಸಾಕು, ಅಂಜಿಕಿ ಹೋಕ್ಕೈತಿ. ಹಂಗ ಕುಂತ್ರಂದ್ರ ಕುಂತ ಬಿಡ್ತಾರು. ಆ ಡೆಕ್ಕರೆ ತಂದುಕೊಡ್ರಿ ಅವರಿಗಿ."

ಒಡೆದ ಹಡಗನ್ನು ತಂದುಕೊಡು ಎಂದರೆ ಏನು ಮಾಡುವುದು? ಮರುದಿನ ನನ್ನ ಬೆಳಗಿನ ನಡಿಗೆಯಲ್ಲಿ ಒಂದು ಮೊಳೆಯೂ ಕಣ್ಣಿಗೆ ಬೀಳಲಿಲ್ಲ. ತಲೆಯಲ್ಲಿ ನೀಲವ್ವನ ಹೊಲ ಓಡುತ್ತಿತ್ತು. ಶೇಂಗಾ ಕಿತ್ತ ಮೇಲೆ ಖಾಲಿ ಬಿದ್ದ ನೆಲ, ಗಟ್ಟಿ, ಸಪಾಟು. ದೊಡ್ಡವ್ವ ಬಂದು ಮಲಗಿದರೆ ಕೈಕಾಲು ಚಾಚುವಷ್ಟು ಉದ್ದ.

"ಸುಣ್ಣದಾಗ ಹಡಗ ಬರೀತೇನಿ, ನಾಕ್ ತಾಸು ಹೊಲಾ ಕೊಡು" ಎಂದು ಕೇಳಿದಾಗ ನೀಲವ್ವ ಮೊದಲು ಅಕ್ಕನ ಮುಖ ನೋಡಿದಳು. "ಮಾಮಾರಿಗಿ ಆರಾಮ ಐತಿಲ್ಲೋ?"

"ಮೊದಲಿಂದ ಹಿಂಗ ಅದಾರು" ಎಂದಳು ಶಾಂತವ್ವ.

ವಿಷಯ ತಿಳಿದ ಮೇಲೆ ನೀಲವ್ವ ಒಪ್ಪಿದಳು. ಆದರೆ ಸುಣ್ಣ ಬೇಡ, ಮಣ್ಣು ಸುಡುತ್ತದೆ, ರಂಗೋಲಿ ಪುಡಿ ತನ್ನಿ ಎಂದಳು. ಶನಿವಾರ ಮಧ್ಯಾಹ್ನವೆಲ್ಲ ನಾವು ನಾಲ್ವರು ಹಡಗು ಕಟ್ಟಿದೆವು. ಅಷ್ಟುದ್ದದ ಗೆರೆ ಸೊಟ್ಟಾಗದಂತೆ ಎಳೆಯುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಮುಮ್ತಾಜ್ ಮನೆಯಿಂದ ತಂದ ಹಾಸಿನ ನೂಲನ್ನು ಈ ಗೂಟದಿಂದ ಆ ಗೂಟಕ್ಕೆ ಬಿಗಿದು ನಿಂತಳು. ನೇಕಾರರ ಓಣಿಯಲ್ಲಿ ಸೀರೆಯ ಹಾಸು ಹಿಡಿದು ಬೆಳೆದವಳಿಗೆ ಇದೇನು ಹೊಸದಲ್ಲ. ಡೆಕ್ಕಿನ ಅಂಚು, ವಿಮಾನ ಇಳಿಯುವ ಓರೆಗೆರೆ, ಎಲ್ಲ ಎದ್ದು ಬಂದವು. ಹಿಂಭಾಗದಲ್ಲಿ ದಾವಲನ ಉಕ್ಕಿನ ಹಗ್ಗಗಳ ಬದಲು ಬಾವಿಯ ಹಗ್ಗ ಅಡ್ಡ ಹಾಸಿದೆ. ಡೆಕ್ಕಿನ ಬಲ ಅಂಚಿಗೆ ಕಟ್ಟಡದಂತೆ ಎದ್ದಿರುವ ಒಂದು ಭಾಗವಿರುತ್ತದೆ, ನಾವು ಅದನ್ನು ಐಲ್ಯಾಂಡ್ ಎನ್ನುತ್ತಿದ್ದೆವು. ಅದಕ್ಕೆ ನೀಲವ್ವನ ಚಕ್ಕಡಿ ನಿಲ್ಲಿಸಿದೆವು. ದೂರ ನಿಂತು ನೋಡಿದೆ. ಬೆಳ್ಳಗೆ, ನೆಟ್ಟಗೆ, ಚೊಕ್ಕವಾಗಿ ದೊಡ್ಡವ್ವ ಮಲಗಿದ್ದಳು. ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದೆ.

"ಭಾಳ ಚಂದ ಆಗೈತಿ" ಎಂದಳು ಶಾಂತವ್ವ. "ಕಣ್ಣಿಲ್ಲದ ಗೆಳ್ಯಾಗ ಬಿಳಿ ಗೆರಿ ಎಳದೀರಿ."

ನಾನು ಕೈಯಲ್ಲಿದ್ದ ರಂಗೋಲಿ ಪುಡಿಯನ್ನು ಕೆಳಗಿಟ್ಟೆ. ಮುಮ್ತಾಜ್ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನೀಲವ್ವ ಬಣವೆಯ ಕಡೆ ನಡೆದು ಜೋಳದ ಒಣ ಕಣಿಕೆಯ ಒಂದು ಹೊರೆ ತಂದು ಕೆಡವಿದಳು. ಗೆರೆಯ ಮೇಲೆಲ್ಲ ಕಣಿಕೆ ಹಾಸಿದೆವು. ಕಾಲಿಟ್ಟರೆ ಚಟಚಟ ಎನ್ನುತ್ತದೆ. ರಂಗೋಲಿ ನಮಗೆ, ಕಣಿಕೆ ಅವನಿಗೆ.

ರವಿವಾರ ಬೆಳಿಗ್ಗೆ ದಾವಲನನ್ನು ಕರೆತರುವುದೇ ಒಂದು ಕಾರ್ಯಾಚರಣೆಯಾಯಿತು. ಉಪ್ಪಿಟ್ಟು ತಿನ್ನಲು ಹೊಲಕ್ಕೆ ಎಂದಷ್ಟೇ ಹೇಳಿದ್ದೆವು. ಬಾಡಿಗೆ ಗಾಡಿಯಿಂದ ಇಳಿದು ಮಗಳ ಹೆಗಲು ಗಟ್ಟಿ ಹಿಡಿದು ಬಂದ. ಹಡಗಿನ ಹಿಂತುದಿಯಲ್ಲಿ, ಹಗ್ಗಗಳ ಹತ್ತಿರ ನಿಲ್ಲಿಸಿ ಚಪ್ಪಲಿ ಬಿಡಿಸಿದೆ.

"ದಾವಲ್ಯಾ, ಡೆಕ್ ಮ್ಯಾಲ ನಿಂತೀದಿ. ಬಲಕ್ಕ ಐಲ್ಯಾಂಡ್. ಅಂಚಿಗಿ ಕಣಿಕಿ ಹಾಸೇವಿ. ನಡಿ."

ಅವನು ಪಾದದಿಂದ ಹಗ್ಗ ಸವರಿದ. ಮುಖದಲ್ಲಿ ಏನೋ ಮಿಂಚಿತು. ಒಂದು ಹೆಜ್ಜೆ ಇಟ್ಟ. ನಿಂತ. ಹುಬ್ಬು ಗಂಟಾಯಿತು.

"ಸುಳ್ಳ" ಎಂದ. "ಇದು ಹಡಗಲ್ಲ. ನಡೀ ಮುಮ್ತಾಜ್, ಮನಿಗಿ."

ನಾನು ಅವನ ದಾರಿಗೆ ಅಡ್ಡ ನಿಂತೆ. "ಯಾಕೋ? ಎಲ್ಲಾ ಅಳತಿಗಿ ಮಾಡೇವಿ!"

"ಗಾಳಿ ನನ್ನ ಬೆನ್ನಿಗಿ ಬಡೀಯಾಕತ್ತೈತಿ. ಗಾಳಿಗಿ ಬೆನ್ನ ಕೊಟ್ಟ ಹಡಗಿನ್ಯಾಗ ವಿಮಾನ ಹ್ಯಾಂಗ ಇಳಸ್ತಿಯೋ? ಮೂತಿ ಯಾಕಡಿ ಮಾಡೀದಿ?"

"ಪಡುವಣಕ್ಕ."

"ಯಾಕ?"

ಯಾಕೆ? ನಾನು ಯೋಚಿಸಿಯೇ ಇರಲಿಲ್ಲ. ಸಮುದ್ರ ಇರುವುದು ಪಡುವಣದಲ್ಲಿ. ಹಡಗೆಂದ ಮೇಲೆ ಮೂತಿ ಅತ್ತಲೇ ಇರಬೇಕೆಂದು ಕೈ ತಾನಾಗಿ ಹಾಗೆ ಬರೆದಿತ್ತು. ವಿಮಾನ ಏರಿ ಇಳಿಯುವ ಹೊತ್ತಿನಲ್ಲಿ ನಮ್ಮ ಹಡಗು ಯಾವಾಗಲೂ ಗಾಳಿಗೆ ಮುಖ ಕೊಟ್ಟು ಓಡುತ್ತಿತ್ತು. ಎದುರು ಗಾಳಿಯೇ ವಿಮಾನಕ್ಕೆ ಆಸರೆ. ವರ್ಷಗಟ್ಟಲೆ ಆ ಗಾಳಿಯನ್ನು ಮುಖಕ್ಕೆ ತಿಂದವನು ನಾನು. ನೆಲದ ಮೇಲೆ ಇಷ್ಟು ಕಾಲ ಉಂಡು ಮಲಗಿ, ಹಡಗನ್ನು ಮನೆ ಕಡೆ ಮುಖ ಮಾಡಿದ ಎತ್ತಿನ ಹಾಗೆ ನಿಲ್ಲಿಸಿದ್ದೆ.

"ಅಯ್ಯ, ನಾವು ರಾಶಿ ತೂರಾಕ ನಿಂತ್ರ ಮೊದಲ ಗಾಳಿ ನೋಡ್ತೇವಿ" ಎಂದಳು ನೀಲವ್ವ. "ನೀವ್ ಹಡಗಿನವ್ರ ನೋಡೂದಿಲ್ಲೇನ್ರಿ ಮಾಮಾರ?"

"ತಿರಗಸು" ಎಂದು ದಾವಲ ನೆಲದ ಮೇಲೆ ಕುಳಿತೇಬಿಟ್ಟ. "ನಾ ಕುಂತಿರ್ತೇನಿ."

ಅಷ್ಟು ದೊಡ್ಡ ಹಡಗನ್ನು ತಿರುಗಿಸುವುದೆಂದರೆ ಮತ್ತೆ ಮಧ್ಯಾಹ್ನದವರೆಗಿನ ಕೆಲಸ ಎಂದು ನಾನು ಕೈಚೆಲ್ಲುವಷ್ಟರಲ್ಲಿ ದಾವಲನೇ ಹೇಳಿದ, "ಗೆರಿ ಯಾಕ ಅಳಸ್ತಿ? ಓರೆಗೆರಿ ಆ ತುದಿಯಿಂದ ನೋಡಿದ್ರೂ ಎಡಕ್ಕ ಹೊಳ್ಳತೈತಿ. ಹಗ್ಗಾ ಆ ತುದಿಗಿ ಒಯ್ಯಿ. ಐಲ್ಯಾಂಡ್ ಆಚಿ ಕಡಿ ನಿಲ್ಸು. ಮುಗೀತು." ಹೌದಲ್ಲ! ಹಿಂದಿನದು ಮುಂದಾದರೆ ಸಾಕು. ಹಗ್ಗ ಸುತ್ತಿಕೊಂಡು ಪಡುವಣ ತುದಿಗೆ ಓಡಿದೆ. ನನ್ನ ವಯಸ್ಸಿನಲ್ಲಿ ಅದನ್ನು ಓಟವೆನ್ನಬಹುದಾದರೆ. ಚಕ್ಕಡಿಯಲ್ಲಿ ಶಾಂತವ್ವ ಚಹಾದ ಸರಂಜಾಮು ಹರಡಿಕೊಂಡು ಕುಳಿತಿದ್ದಳು. ಇಳಿ ಎಂದರೆ, "ಚಹಾ ಕುದ್ಯಾಕತ್ತೈತಿ, ಐಲ್ಯಾಂಡ್ ಇಳಿಯೂದಿಲ್ಲ" ಎಂದಳು. ನೀಲವ್ವ ನೊಗ ಹಿಡಿದಳು, ಮುಮ್ತಾಜ್ ಗಾಲಿಗೆ ಕೈ ಕೊಟ್ಟಳು, ನಾನು ಹಿಂದಿನಿಂದ ದೂಡಿದೆ. ಸ್ಟೋವಿನ ಸಮೇತ ಐಲ್ಯಾಂಡ್ ಡೆಕ್ ದಾಟಿ ತೆಂಕಣ ಅಂಚಿಗೆ ಹೋಗಿ ನಿಂತಿತು.

ದಾವಲನನ್ನು ಪಡುವಣ ತುದಿಗೆ ಕರೆದೊಯ್ದು ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಮೂಡಗಾಳಿ ಅವನ ಮುಖಕ್ಕೆ ನೇರ ಬಡಿಯಿತು. ಹೊತ್ತು ಮೇಲೇರಿತ್ತು, ಬಿಸಿಲೂ ಮುಖಕ್ಕೇ ಬಿತ್ತು. ಅವನು ಮೂಗಿನ ಹೊಳ್ಳೆ ಅರಳಿಸಿದ. ಮಗಳ ಹೆಗಲ ಮೇಲಿದ್ದ ಕೈಯನ್ನು ತೆಗೆದ.

ನಡೆದ. ಮೊದಲ ಹಗ್ಗ ಕಾಲಿಗೆ ಸಿಕ್ಕಿತು, ದಾಟಿದ. ಎರಡನೆಯದನ್ನು ಎಡವದೆ, ಎತ್ತರ ಗೊತ್ತಿದ್ದವನಂತೆ ದಾಟಿದ. ಒಮ್ಮೆ ಎಡಕ್ಕೆ ಸರಿದು ಕಣಿಕೆ ಚಟಚಟ ಅಂದಾಗ ಮುಮ್ತಾಜ್ ಧಾವಿಸಲು ಹೋದಳು, ನಾನು ತಡೆದೆ. ಅವನೇ ಬಲಕ್ಕೆ ಬಂದ. ಹೆಜ್ಜೆ ಜೋರಾಯಿತು. ಐಲ್ಯಾಂಡಿನ ಹತ್ತಿರ ಬಂದಾಗ ಚಹಾದ ವಾಸನೆ ಹಿಡಿದು ಅತ್ತ ಕಡೆಗೆ ಕೈಯೆತ್ತಿ ಒಂದು ಸಲಾಮು ಹೊಡೆದ. ಶಾಂತವ್ವ ಸವಟು ಹಿಡಿದ ಕೈಯಿಂದಲೇ ಸಲಾಮು ವಾಪಸು ಕೊಟ್ಟಳು. ಮೂಡಣ ತುದಿಯಲ್ಲಿ ಕಣಿಕೆ ಸದ್ದಾದಾಗ ನಿಂತ. ಬಹಳ ಹೊತ್ತು ನಿಂತ. ಅವನ ಅಂಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾವು ಯಾರೂ ಹತ್ತಿರ ಹೋಗಲಿಲ್ಲ.

ಆಮೇಲೆ ಚಹಾ, ಉಪ್ಪಿಟ್ಟು. ಆಮೇಲೆ ಕೆಲಸ. ಹೊಲವನ್ನು ಇದ್ದಂತೆ ಒಪ್ಪಿಸಬೇಕೆಂದು ನೀಲವ್ವನಿಗೆ ಮಾತು ಕೊಟ್ಟಿದ್ದೆ. ಕಣಿಕೆ ಹೊರೆಯಾಯಿತು, ಗೂಟಗಳು ಚಕ್ಕಡಿಗೆ ಬಂದವು. ಕೊನೆಗೆ ಅಡ್ಡಸಾಲು. "ನಾನೂ ನಿಲ್ತೇನಿ" ಎಂದು ದಾವಲ ನನ್ನ ಪಕ್ಕಕ್ಕೆ ಬಂದ. ಸರಿದು ಜಾಗ ಬಿಟ್ಟೆ. ನಾವು ಕಣ್ಣಿನಿಂದ, ಅವನು ಬರಿಗಾಲಿನಿಂದ ಹುಡುಕುತ್ತ ಹೊರಟೆವು. ನಡುವಿನಲ್ಲಿ ಅವನು ನಿಂತು, ಬಗ್ಗಿ, ನೆಲದಿಂದ ಏನನ್ನೋ ಕೆದರಿ ಎತ್ತಿದ. ಬೆರಳಲ್ಲಿ ಹೊರಳಿಸಿದ. ಎದೆ ಸೆಟೆಸಿ, ಆ ಅಧಿಕಾರಿಯ ಗಂಟಲಿನಲ್ಲಿ ಗುಡುಗಿದ:

"ಇದು ಯಾವ ಯಂತ್ರದ ಭಾಗ?"

ನೋಡಿದೆ. ಆರಿಸುವವರ ಕಣ್ಣು ತಪ್ಪಿಸಿ ಮಣ್ಣಿನಲ್ಲಿ ಉಳಿದಿದ್ದ ಒಂದು ಶೇಂಗಾಕಾಯಿ. ಒಂದು ಹೆಜ್ಜೆ ಮುಂದೆ ಬಂದು ಸೆಟೆದು ನಿಂತೆ.

"ನೀಲವ್ವನ ಹೊಲದ್ದು, ಸರ್."

"ತಿಂದು ತೋರಿಸು."

ಸುಲಿದೆ. ಎರಡು ಕಾಳಿದ್ದವು. ಒಂದನ್ನು ಅವನ ಅಂಗೈಗೆ ಹಾಕಿದೆ. ಶಾಂತವ್ವ ಮತ್ತು ನೀಲವ್ವ ಈ ಮುದುಕರಿಗೆ ಏನಾಯಿತೆಂದು ನೋಡುತ್ತಿದ್ದರು. ನಾವು ಅಗಿಯುತ್ತ ಮುಂದೆ ನಡೆದೆವು.

ಇಳಕಲ್ಲಿಗೆ ಬಂದಾಗ ಓಣಿಯೊಳಗೆ ಗಾಡಿ ತಿರುಗಿಸುವುದು ಕಷ್ಟವೆಂದು ಓಣಿಯ ಬಾಯಲ್ಲೇ ಇಳಿದೆವು. ಮುಮ್ತಾಜ್ ಅಭ್ಯಾಸದಂತೆ ಹೆಗಲು ಮುಂದೆ ಮಾಡಿದಳು. ದಾವಲ ಅದನ್ನು ಸರಿಸಿ, ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟ.

"ಗುರ್ಯಾ, ಇವತ್ತ ಓಣಿ ನೋಡೀದೇನ?"

"ಇಲ್ಲ. ಮುಂಜಾನಿ ಹೊಲಕ್ಕ ಹೋದ್ವಲ್ಲ."

"ಮತ್ತ? ನೀ ಎಡಕ್ಕ, ನಾ ಬಲಕ್ಕ."

ಸಾಲು ಹೊರಟಿತು. ಎರಡೇ ಮಂದಿಯ ಸಾಲು. ಓಣಿಯ ಮಂದಿ ಕಟ್ಟೆಯ ಮೇಲೆ ಎದ್ದು ನಿಂತರು. "ಸಾಬರ, ಏನ್ ಕಳಕೊಂಡ್ರಿ?" ಎಂದು ಒಬ್ಬಾಕೆ ಕೇಳಿದಳು. "ಏನೂ ಇಲ್ಲವಾ" ಎಂದು ದಾವಲ ಮುಂದೆ ನಡೆದ. ನನಗೆ ಸಿಕ್ಕಿದ್ದು ಒಂದು ಮೊಳೆ. ಅವನ ಕಾಲಿಗೆ ಸಿಕ್ಕಿದ್ದು ಗ್ರಾನೈಟಿನ ಒಂದು ಚೂರು, ಅದೂ ನಾನು ದಿನಾ ದಾಟಿ ಹೋಗುವ ಜಾಗದಲ್ಲಿ. ತನ್ನ ಹೊಸ್ತಿಲಿಗೆ ಕಾಲು ತಾಗಿದಾಗ ಹೊರಳಿ ನಿಂತು, ಚೂರನ್ನು ನನ್ನ ಕಿಸೆಗೆ ಹಾಕಿದ.

"ಡೆಕ್ ಸ್ವಚ್ಛ" ಎಂದ.

ಆಗ ಹನ್ನೊಂದು ಗಂಟೆ. ಆ ದಿನದ ಕೆಲಸ ಮುಗಿಯಿತು.